ಮೂಳೆಯ ಓಟ, ಸ್ನಾಯುವಿನ ಹಿನ್ನಡೆ
ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿಗೆ ಆದ ಪೆಟ್ಟು ವಯಸ್ಸಿನೊಂದಿಗೆ ಹೆಚ್ಚುವುದಿಲ್ಲ. ಆದರೂ 5ರ ವಯಸ್ಸಿನಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದ ಮಗು 13ಕ್ಕೆ ಮಂಡಿ ಬಗ್ಗಿಸಿಕೊಂಡು, ಗೋಡೆ ಹಿಡಿದು ನಡೆಯುವುದುಂಟು. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ನೋಡುವ ಇಎಂಜಿ ಪರೀಕ್ಷೆಯಲ್ಲಿ ಇದರ ಒಳಗುಟ್ಟು ಸ್ವಲ್ಪ ಕಾಣುತ್ತದೆ. ಸಾಮಾನ್ಯವಾಗಿ ಮೀನಖಂಡದ ಸ್ನಾಯು ಪಾದ ಊರಿದ ಮೇಲೆ ಚುರುಕಾಗಿ, ಕಾಲು ಗಾಳಿಯಲ್ಲಿರುವಾಗ ಸುಮ್ಮನಿರುತ್ತದೆ. ಈ ಮಕ್ಕಳಲ್ಲಿ ಅದು ಎಷ್ಟೋ ಸಲ ಪಾದ ನೆಲ ಮುಟ್ಟುವ ಮೊದಲೇ ಬಿಗಿಯುತ್ತದೆ, ಹಿಮ್ಮಡಿ ಊರುವುದೇ ಇಲ್ಲ. ತೊಡೆಯ ಮುಂದಿನ, ಹಿಂದಿನ ಸ್ನಾಯುಗಳೂ ಸರದಿ ಮರೆತು ಒಟ್ಟಿಗೇ ಎಳೆಯುತ್ತವೆ. ಆಗಷ್ಟೇ ನಡೆಯಲು ಕಲಿತ ಎಲ್ಲ ಮಕ್ಕಳಲ್ಲೂ ಇಂಥ ಜಗ್ಗಾಟ ಇರುತ್ತದೆ, ಬೆಳೆಯುತ್ತ ಸಡಿಲವಾಗುತ್ತದೆ. ಇವರಲ್ಲಿ ಅದು ಬಹುಮಟ್ಟಿಗೆ ಉಳಿದುಬಿಡುತ್ತದೆ. ಅಷ್ಟರಲ್ಲಿ ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಸಮಕ್ಕೆ ಬೆಳೆಯದು, ಮೈತೂಕ ಏರುತ್ತದೆ. ಬಗ್ಗಿದ ಮಂಡಿಯಲ್ಲಿ ನಿಲ್ಲಲು ತೊಡೆಯ ಸ್ನಾಯು ಬಿಡುವಿಲ್ಲದೆ ದುಡಿಯಬೇಕು. ಅದಕ್ಕೇ ಶಾಲೆಯಿಂದ ಬಂದ ಹುಡುಗ ಚೀಲ ಕೆಳಗಿಡುವಷ್ಟರಲ್ಲಿ ಕುಸಿದು ಕೂರುವುದು. ಅದನ್ನು ಸೋಮಾರಿತನ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ಚಿಕ್ಕಂದಿನಲ್ಲೇ ಫಿಸಿಯೋಥೆರಪಿ ಮಾಡಿಸಿ ಆಯಿತಲ್ಲ’ ಎಂದು ಬಿಟ್ಟುಬಿಡುವುದೂ ತಪ್ಪು. ಎತ್ತರ ಸರಸರನೆ ಏರುವ 10ರಿಂದ 15ರ ವಯಸ್ಸಿನಲ್ಲೇ ನಡಿಗೆಯನ್ನು ವೈದ್ಯರಿಗೆ ಮತ್ತೆ ಮತ್ತೆ ತೋರಿಸಬೇಕು, ಕಾಲಿಗೆ ಆಧಾರವಾಗಿ ಕಟ್ಟುವ ಸ್ಪ್ಲಿಂಟಿನ ಅಳತೆಯನ್ನೂ.