ಕೆರೆ ದಂಡಿ ಚಂದ ಆಗ್ಲಿ, ದನದ ದಾರಿ ಮುಚ್ಚೋದು ಬ್ಯಾಡ
ಹಾಂಗಲ್: ಹಾಂಗಲ್‌ನ ಆನಿಕೆರೆ, ಸವಣೂರಿನ ಮೋತಿ ತಲಾಬ್, ಶಿಗ್ಗಾವಿಯ ನಾಗನೂರು ಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ. ಅಭಿವೃದ್ಧಿ ಅಂದ ಕೂಡಲೇ ಎಲ್ಲ ಕಡೆ ಕೇಳಿಬರೋದು ವಾಕಿಂಗ್ ಪಾತ್, ಲೈಟು, ಬೋಟಿಂಗ್. ಜನ ಬಂದ್ರೆ ಅಂಗಡಿಗೆ ವ್ಯಾಪಾರ ಆಗ್ತದೆ, ನಿಜ. ಆದರೆ ದಂಡಿ ಯಾರದ್ದು ಅನ್ನೋದನ್ನ ಮೊದಲು ಕೇಳಬೇಕು.

ಘಟ್ಟ ಇಳಿದರೆ ಕಾರವಾರ ಇದೆ. 2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತದ ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗಿಳಿದರು. ಊರು ಬಂದ್ ಆಯ್ತು, ವಿಷಯ ಹೈಕೋರ್ಟ್ ಮೆಟ್ಟಿಲೇರಿ ಕಾಮಗಾರಿಗೆ ತಡೆ ಬಿತ್ತು. ಟ್ಯಾಗೋರ್ ಕಡಲತೀರ ಪ್ರವಾಸಿಗರಿಗೆ ಅಡ್ಡಾಡೋ ಜಾಗ, ಮೀನುಗಾರರಿಗೆ ದೋಣಿ ನಿಲ್ಲಿಸೋ ಜಾಗ. ಮೊದಲೇ ಕೂತು ಮಾತಾಡದಿದ್ರೆ ಜಗಳ ಕೋರ್ಟಿಗೇ ಹೋಗ್ತದೆ.

ನಮ್ಮ ಕೆರೆನೂ ಹಂಗೇ. ದನಕ್ಕೆ ನೀರು, ಬಟ್ಟೆ ಒಗೆಯೋ ಕಲ್ಲು, ಮೀನು ಹಿಡಿಯೋರ ಬಲೆ, ಅಚ್ಚುಕಟ್ಟಿನ ರೈತರ ತೂಬು ಎಲ್ಲ ಅಲ್ಲೇ. ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಜಡಿದ್ರೆ ಇವರೆಲ್ಲ ಎಲ್ಲಿಗೆ ಹೋಗಬೇಕು?

ಮೊದಲು ಹೂಳು, ಚರಂಡಿ ನೀರು, ಒತ್ತುವರಿ ನೋಡ್ಲಿ, ಲೈಟು ಆಮೇಲೆ. ನೀರು ನಾರಿದ್ರೆ ತಾರಕೇಶ್ವರ ಗುಡಿಗೆ ಬಂದ ಪ್ರವಾಸಿಗರೂ ಕೆರೆ ಕಡೆ ಸುಳಿಯಲ್ಲ. ಮಿರ್ಚಿ-ಮಂಡಕ್ಕಿ ಗಾಡಿಯವರಿಗೆ ನಕ್ಷೆಯಲ್ಲೇ ಜಾಗ ಗುರುತಿಸಲಿ. ಟೆಂಡರ್ ಕರೆಯೋ ಮುನ್ನ ಪುರಸಭೆ, ಪಟ್ಟಣ ಪಂಚಾಯಿತಿಗಳು ನಕ್ಷೆಯನ್ನ ನೋಟಿಸ್ ಬೋರ್ಡಿಗೆ ಹಾಕಿ ಸಭೆ ಕರೆಯಲಿ. ಸಭೆ ಕರೆದಾಗ ನಾವೂ ಹೋಗೋಣ.