ರನ್ನನು ತೋರಿದ ವೀರರು

ಮೇಲಿನ ತರಗತಿಗಳಲ್ಲಿ ರನ್ನನ ಗದಾಯುದ್ಧದ ಪಾಠವು ಬಂದಾಗ ಮಾತಾಪಿತೃಗಳಲ್ಲಿ ಕೆಲವರು ನನ್ನೊಡನೆ ಎರಡು ಬಗೆಯ ಸಂದೇಹಗಳನ್ನು ಹೇಳಿಕೊಳ್ಳುವುದುಂಟು. ಮಿಶನ್ ಶಾಲೆಯಲ್ಲಿ ಕೌರವ ಪಾಂಡವರ ಕಥೆಯನ್ನು ಇಷ್ಟು ಆಸ್ಥೆಯಿಂದ ಓದಿಸುವುದೇಕೆ ಎಂಬುದೊಂದು. ನಮ್ಮ ಭಾರತದ ಕಥೆಯನ್ನು ಮಿಶನ್ ಶಾಲೆಯವರು ಹೇಗೆ ತಾನೆ ಸರಿಯಾಗಿ ಓದಿಸಿಯಾರು ಎಂಬುದು ಇನ್ನೊಂದು. ಹೀಗೆ ಕೇಳುವವರಿಬ್ಬರೂ ಸಜ್ಜನರೇ; ಮಗಳ ಹಿತವನ್ನು ಬಯಸಿಯೇ ಬಂದವರು. ಆದರೆ ಎರಡು ಸಂದೇಹಗಳ ಬೇರೂ ಒಂದೇ. ಕಾವ್ಯಕ್ಕೊಂದು ಬೇಲಿಯುಂಟು, ಅದರ ಒಳಗೆ ನಾವು, ಹೊರಗೆ ಅವರು ಎಂಬ ಎಣಿಕೆ. ಬಾಯಿಂದ ಹೇಳಿದ ಉತ್ತರವು ಬಾಗಿಲವರೆಗೆ ಹೋಗುವಷ್ಟರಲ್ಲಿ ಮರೆತುಹೋಗುವುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಬರೆದಿಡಲು ಇಚ್ಛಿಸುತ್ತೇನೆ.

ರನ್ನನು ಹತ್ತನೆಯ ಶತಮಾನದವನು, ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಧರ್ಮದಿಂದ ಜೈನನು. ಅವನು ವ್ಯಾಸರ ಕಥೆಯನ್ನೆತ್ತಿಕೊಂಡು, ಭೀಮನಲ್ಲಿ ತನ್ನೊಡೆಯನಾದ ಚಾಳುಕ್ಯ ಸತ್ಯಾಶ್ರಯನನ್ನು ಕಂಡು ಕಾವ್ಯವನ್ನು ಬರೆದನು. ಬೇಲಿಯು ಅಂದೇ ಮುರಿದುಬಿದ್ದಿತು. ಅದಾದ ಬಹುಕಾಲದ ಮೇಲೆ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಸಾಹೇಬರು 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಹೊರತಂದರು. ಕಿಟ್ಟೆಲ್ ಸಾಹೇಬರು ಜೈನ ಪಂಡಿತನಾದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚುಹಾಕಿಸಿದರು. ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ನಮ್ಮ ಶಾಲೆಯಲ್ಲಿ ರನ್ನನನ್ನು ಓದಿಸುವುದು ಹೊಸ ಸಾಹಸವೇನೂ ಅಲ್ಲ. ಹಿರಿಯರು ಹಾಕಿಕೊಟ್ಟ ದಾರಿ.

ಇನ್ನು ಆ ಪಾಠದ ವಿಷಯ. ಯುದ್ಧವು ಮುಗಿಯುತ್ತ ಬಂದಿದೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಎಡೆಯನ್ನು ಹುಡುಕುತ್ತ ಭೀಷ್ಮರನ್ನು ಕಾಣಲು ಹೋಗುತ್ತಿದ್ದಾನೆ. ದ್ರೋಣರನ್ನು ಕಂಡು ದುಃಖಿಸುತ್ತಾನೆ. ಮುಂದೆ ಮಗನಾದ ಲಕ್ಷಣಕುಮಾರನನ್ನೂ ತಮ್ಮನನ್ನೂ ಪ್ರಾಣಮಿತ್ರನಾದ ಕರ್ಣನನ್ನೂ ಕಂಡು ಅಳಲಿದ್ದಾನೆ. ಅವರೆಲ್ಲರೂ ತನ್ನವರು, ಅಳುವುದು ಸಹಜ. ಆದರೆ ಅದೇ ದಾರಿಯಲ್ಲಿ ಅಭಿಮನ್ಯುವಿನ ಶವವೂ ಬಿದ್ದಿದೆ. ಅವನು ವೈರಿಯ ಮಗನು. ತನ್ನ ಮಗನನ್ನು ಕೊಂದವನು. ಆ ಬಾಲಕನ ಮುಂದೆಯೂ ದುರ್ಯೋಧನನು ನಿಲ್ಲುತ್ತಾನೆ. ಅವನನ್ನು ಹೆತ್ತ ತಾಯಿಯನ್ನು ಕೊಂಡಾಡುತ್ತಾನೆ, ಅವನಿಗೆ ಕೈಮುಗಿಯುತ್ತಾನೆ, ನಿನ್ನಂತಹ ಮರಣದ ಒಂದು ಪಾಲಾದರೂ ನನಗೆ ದೊರೆಯಲಿ ಎಂದು ಬೇಡಿಕೊಳ್ಳುತ್ತಾನೆ. ಈ ಭಾಗವನ್ನು ಓದುವಾಗ ತರಗತಿಯು ನಿಶ್ಶಬ್ದವಾಗುವುದು. ಹಳಗನ್ನಡವೆಂದರೆ ಮುಖ ಗಂಟಿಕ್ಕುವ ಹುಡುಗಿಯೂ ಇಲ್ಲಿ ತಲೆಯೆತ್ತುವಳು.

ಗದೆಯನ್ನು ಬೀಸುವ ಬಲವು ಭೀಮನಲ್ಲಿಯೂ ದುರ್ಯೋಧನನಲ್ಲಿಯೂ ಸರಿಸಮವಾಗಿಯೇ ಇದ್ದಿತು. ಮಗನನ್ನು ಕೊಂದವನಲ್ಲಿ ಗುಣವನ್ನು ಕಂಡು ಬಾಯಿಬಿಟ್ಟು ಹೊಗಳುವ ಎದೆಗಾರಿಕೆಯು ಆ ರಣರಂಗದಲ್ಲಿ ಎಷ್ಟು ಮಂದಿಗಿದ್ದಿತು? ಇದನ್ನೇ ನಾನು ವೀರವೆಂದು ಕರೆಯುವೆನು. ಆದರೆ ರನ್ನನು ನಮ್ಮನ್ನು ಇಷ್ಟಕ್ಕೆ ಬಿಡುವವನಲ್ಲ. ಸಂಧಿಯನ್ನು ಮಾಡಿಕೋ ಎಂದು ತಾಯಿತಂದೆಗಳೂ ಭೀಷ್ಮರೂ ಹೇಳಿದರೂ ದುರ್ಯೋಧನನು ಒಪ್ಪಲಿಲ್ಲ. ಸತ್ತ ಅಭಿಮನ್ಯುವಿಗೆ ಮುಗಿದ ಕೈ ಬದುಕಿದ್ದ ಪಾಂಡವರತ್ತ ಚಾಚಲಿಲ್ಲ. ವೈರಿಯ ಗುಣವನ್ನು ಅವನು ಬದುಕಿರುವಾಗಲೇ ಕಾಣಬಲ್ಲವರಿದ್ದರೆ ಕುರುಕ್ಷೇತ್ರವೇಕೆ ನಡೆಯಬೇಕಾಗಿತ್ತು?

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದನ್ನು ನೋಡಿರಿ. ಅಂಗೈಯಲ್ಲಿಯ ಮೊಬೈಲಿಗೆ ಬೆಳಗಾಗುವುದರೊಳಗೆ ಇಂತಹ ಜಾತಿಯವರು ಹೀಗೆ, ಇಂತಹ ಮತದವರು ಹಾಗೆ ಎಂಬ ಬರಹಗಳು ಬಂದಿರುತ್ತವೆ. ಅವನ್ನು ಹತ್ತು ಮಂದಿಗೆ ದಾಟಿಸಿದವನೇ ಶೂರನು. ನಮ್ಮವರನ್ನು ಒಂದುಗೂಡಿಸುತ್ತಿದ್ದೇವೆ ಎಂಬ ಸಮಾಧಾನ ಬೇರೆ! ಇನ್ನೊಬ್ಬರ ಮೇಲಣ ಹಗೆಯಿಂದ ಕಟ್ಟಿದ ಒಗ್ಗಟ್ಟು ಕೌರವರಲ್ಲಿಯೂ ಇದ್ದಿತಷ್ಟೆ. ಇದನ್ನೆಲ್ಲ ಕೇಳಿ ಬಂದ ಮಗು ನಮ್ಮ ತರಗತಿಯ ಬೆಂಚಿನಲ್ಲಿ ಬೇರೆ ಮತದ ಗೆಳತಿಯ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಬುತ್ತಿಯನ್ನು ಹಂಚಿಕೊಳ್ಳಬೇಕು. ಸ್ಥಳವನ್ನು ಬದಲಾಯಿಸಿಕೊಡಿರೆಂದು ಮನೆಯಿಂದ ಕೇಳಿಕೆ ಬರುವುದೂ ಉಂಟು. ಅದಕ್ಕೆ ನಾನು ಒಪ್ಪುವವಳಲ್ಲ.

ಹೆಣ್ಣುಮಕ್ಕಳ ಶಾಲೆಯಾದ್ದರಿಂದ ಇನ್ನೊಂದು ಮಾತು. ನಾಟಕವಾಡಿಸುವಾಗ ಎಲ್ಲರಿಗೂ ಕಿತ್ತೂರು ಚೆನ್ನಮ್ಮನ ಪಾತ್ರವೇ ಬೇಕು. 1824ರಲ್ಲಿ ಕುಂಪಣಿ ಸರಕಾರವನ್ನು ಎದುರಿಸಿದ ರಾಣಿಯು ಪೂಜ್ಯಳೇ. ಬೇಗಡೆ ಹಚ್ಚಿದ ಕತ್ತಿಯ ಆಕರ್ಷಣೆಯೂ ಇರಬಹುದೆನ್ನಿ. ಆದರೆ ರನ್ನನಿಗೆ ಆಶ್ರಯವನ್ನಿತ್ತ ಅತ್ತಿಮಬ್ಬೆಯನ್ನು ಎಷ್ಟು ಹುಡುಗಿಯರು ಬಲ್ಲರು? ಅವಳೂ ತಂಗಿಯಾದ ಗುಂಡಮಬ್ಬೆಯೂ ನಾಗದೇವನೆಂಬ ದಂಡನಾಯಕನನ್ನು ವಿವಾಹವಾಗಿದ್ದರು. ಅವನು ಮಡಿದಾಗ ತಂಗಿಯು ಅಂದಿನ ರೂಢಿಯಂತೆ ಚಿತೆಯನ್ನೇರಿದಳು, ಅಕ್ಕನು ಉಳಿದಳು. ಸತ್ತವರಿಗೆ ವೀರಗಲ್ಲನ್ನೂ ಮಾಸ್ತಿಗಲ್ಲನ್ನೂ ನೆಡುತ್ತಿದ್ದ ನಾಡಿನಲ್ಲಿ ಬದುಕಲು ನಿಶ್ಚಯಿಸಿದ ವಿಧವೆಯ ಧೈರ್ಯವು ಎಂತಹದೆಂದು ತಾಯಂದಿರು ಯೋಚಿಸಬೇಕು. ಮಗನನ್ನು ಸಾಕಿದಳು. ಪೊನ್ನಕವಿಯ ಶಾಂತಿಪುರಾಣವು ಅಳಿದುಹೋಗದಂತೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಯ ಗರಿಯಲ್ಲಿ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳು! ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯೂ ಅವಳ ದಾನಗಳನ್ನು ಹೇಳುವ 1007ರ ಶಾಸನವೂ ಇಂದಿಗೂ ಇವೆ. ಬಳೆಗಾರರ ಮನೆಯ ಕವಿಯು ಕೃತಜ್ಞತೆಯಿಂದ ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನು.

ಕನ್ನಡದ ಐಕ್ಯವೂ ಇಂತಹವರ ಕೈಯಿಂದಲೇ ಬೆಳೆದುಬಂದಿತೆಂದು ನನ್ನ ಅಭಿಪ್ರಾಯ. ಒಂದು ಕಾಲಕ್ಕೆ ರನ್ನನ ಮುಧೋಳವು ಬೇರೊಂದು ಸಂಸ್ಥಾನ, ಲಕ್ಕುಂಡಿಯು ಮುಂಬಯಿ ಪ್ರಾಂತ, ಮಂಗಳೂರು ಮದರಾಸು ಪ್ರಾಂತ. 1956ರ ನವೆಂಬರ್ 1ರಂದು ಒಂದೇ ರಾಜ್ಯದೊಳಗೆ ಬರುವುದಕ್ಕೆ ಎಷ್ಟೋ ಮೊದಲೇ ಈ ಊರುಗಳನ್ನು ಕಾವ್ಯಗಳ ಪ್ರತಿಗಳು ಒಂದಾಗಿಸಿದ್ದವು.

ಹಳೆಯ ವಿದ್ಯಾರ್ಥಿನಿಯರಲ್ಲಿ ಬರೆಯಬಲ್ಲವರು ಅನೇಕರಿದ್ದೀರಿ. ಬರುವ ವಾರ್ಷಿಕೋತ್ಸವಕ್ಕೆ ಅತ್ತಿಮಬ್ಬೆಯ ಮೇಲೆ ಮುಕ್ಕಾಲು ಗಂಟೆಯ ನಾಟಕವೊಂದನ್ನು ಯಾರಾದರೂ ಬರೆದುಕೊಟ್ಟರೆ ಮಕ್ಕಳಿಂದ ಆಡಿಸುವ ಭಾರವು ನಮ್ಮದು. ಗುಂಡಮಬ್ಬೆಯ ಪಾತ್ರವನ್ನು ಮಾತ್ರ ಹಗುರವಾಗಿ ಬರೆಯಬೇಡಿರಿ. ಅವಳೂ ನಮ್ಮ ಸಹೋದರಿಯೇ. ಲಿಪಿಕಾರರ ಪಾತ್ರಗಳು ಎಷ್ಟು ಹೆಚ್ಚಿದ್ದರೂ ಒಳ್ಳೆಯದು. ಎಂಟನೆಯ ತರಗತಿಯಲ್ಲಿ ಈ ಸಲ ಮಕ್ಕಳು ಬಹಳ.