ಅಪ್ಪನ ಮಾರುತಿಯ ಮೂತಿ

ಊರಲ್ಲಿ ನಮ್ಮಪ್ಪನ ಹತ್ರ 2007ರ ಮಾರುತಿ 800 ಇದೆ. ಮಳವಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಅಮ್ಮನ್ನ ತಿಂಗಳಿಗೆ ಎರಡು ಸಲ ಕರ್ಕೊಂಡು ಹೋಗೋದು ಅದರಲ್ಲೇ. ಕಳೆದ ಕಬ್ಬಿನ ಸೀಸನ್‌ನಲ್ಲಿ ಒಂದು ಸಂಜೆ ಮದ್ದೂರಿಂದ ವಾಪಸ್ ಬರುವಾಗ, ಕೆ.ಎಂ.ದೊಡ್ಡಿ ದಾಟಿದ ಮೇಲೆ, ಹಿಂದೆ ಲೈಟೂ ಇಲ್ಲದ ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರೈಲರ್‌ಗೆ ಅಪ್ಪ ಗುದ್ದಿಬಿಟ್ಟರು. ವೇಗ ಕಮ್ಮಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಬಾನೆಟ್ ಮಡಚಿಕೊಂಡಿತ್ತು, ಎಡಗಡೆ ಹೆಡ್‌ಲೈಟ್ ಪುಡಿ, ರೇಡಿಯೇಟರ್‌ನಿಂದ ನೀರು. ಮನೆವರೆಗೆ ಎಳೆದು ತಂದದ್ದೂ ಒಂದು ಟ್ರ್ಯಾಕ್ಟರೇ :-)

"ಗುಜರಿಗೆ ಹಾಕಿ ಹೊಸದು ತಗೊಳ್ರಿ" ಅಂತ ಬೆಂಗಳೂರಿನ ನನ್ನ ಟೀಮಿನವರೆಲ್ಲ ಹೇಳಿದರು. ಹೇಳೋದು ಸುಲಭ ಕಣ್ರೀ. ಇನ್ಶೂರೆನ್ಸ್ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ, ಅದು ನಮ್ಮ ಕಾರಿಗೆ ಒಂದು ಪೈಸೆ ಕೊಡಲ್ಲ. ಫುಲ್ ಇನ್ಶೂರೆನ್ಸ್ ಇದ್ದಿದ್ದರೂ ಇಷ್ಟು ಹಳೇ ಗಾಡಿಯ ಬೆಲೆ ಎಷ್ಟು ಅಂತ ಹಿಡೀತಾರೆ? ರಿಪೇರಿ ಖರ್ಚು ಆ ಬೆಲೆಯ ಶೇ. 75 ದಾಟಿದರೆ 'ಟೋಟಲ್ ಲಾಸ್' ಅಂತ ಬರೆದುಬಿಡುತ್ತಾರೆ. ಆರ್‌ಸಿ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಲ್ಲಿ 600 ಇದ್ದದ್ದು 5000 ಆದಾಗ ಅಪ್ಪ ಗೊಣಗುತ್ತಲೇ ಕಟ್ಟಿದ್ದರು. ಕಟ್ಟಿದ ಮೇಲೆ ಬಿಡ್ತಾರಾ?

ಸರಿ, ಮನೆ ಮುಂದೆ ಹೊಂಗೆ ಮರದ ಕೆಳಗೆ ನಾನೇ ಶುರು ಹಚ್ಚಿಕೊಂಡೆ. ಮಂಡ್ಯದಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೀನಿ, ಸ್ಪ್ಯಾನರ್ ಹಿಡಿದದ್ದು ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಮಾತ್ರ. ಮೊದಲು ಬ್ಯಾಟರಿ ಕನೆಕ್ಷನ್ ತೆಗೆದೆ. ಬಂಪರ್, ಗ್ರಿಲ್, ಹೆಡ್‌ಲೈಟ್, ಫೆಂಡರ್, ಬಾನೆಟ್ ಎಲ್ಲ ಬೋಲ್ಟ್ ಮೇಲೆ ನಿಂತಿರೋವು, ಬಿಚ್ಚಿದರೆ ಬರ್ತವೆ. 800 ತಯಾರಾಗೋದು ನಿಂತದ್ದು 2014ರಲ್ಲಿ, ಆದರೂ ಸಾಮಾನಿಗೆ ಬರ ಇಲ್ಲ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಹೆಡ್‌ಲೈಟು, ರೇಡಿಯೇಟರು ಸಿಕ್ಕಿತು. ಗುಜರಿಯಲ್ಲಿ ಒಂದು ಕೆಂಪು ಬಾನೆಟ್ಟೂ ಸಿಕ್ಕಿತು. ನಮ್ಮದು ಬಿಳಿ ಕಾರು.

ರೇಡಿಯೇಟರ್‌ಗೆ ಯಾಕೆ ದುಡ್ಡು, ಒಂದು ಹಿಡಿ ಅರಿಶಿನ ಹಾಕಿದರೆ ತೂತು ಮುಚ್ಚಿಕೊಳ್ಳುತ್ತೆ ಅಂದರು ಪಕ್ಕದ ಮನೆ ಮಾವ. ನಿಜ, ಮುಚ್ಚಿಕೊಳ್ಳುತ್ತೆ, ದಾರಿ ಮಧ್ಯೆ ಕೆಟ್ಟು ನಿಂತಾಗ ಡ್ರೈವರ್‌ಗಳು ಮಾಡೋ ಉಪಾಯ. ಆದರೆ ಅದೇ ಅರಿಶಿನ ಒಳಗಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಂಡು ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ ಯಾರು ಕೊಡ್ತಾರೆ?

ತಪ್ಪು ಮಾಡಿದ್ದು ಬಾನೆಟ್ ಲಾಕ್‌ನಲ್ಲಿ. ರೇಡಿಯೇಟರ್ ಹಿಡಿದಿರೋ ಮುಂದಿನ ಪಟ್ಟಿ ಒಳಕ್ಕೆ ಬಗ್ಗಿತ್ತು, ಲಾಕ್ ಇರೋದು ಅದರ ಮೇಲೇ. ಹೊಸ ಬಾನೆಟ್‌ನ ಕೊಂಡಿ ಅದಕ್ಕೆ ಕೂರುತ್ತಿರಲಿಲ್ಲ. "ಬುಡ್ಲಾ ಮಗ, ಒಳಗಡೆ ಯಾರ್ ನೋಡ್ತಾರೆ" ಅಂದರು ಅಪ್ಪ. ನಾನೂ ಬೈಂಡಿಂಗ್ ವೈರ್ ಸುತ್ತಿ ಲಾಕನ್ನ ಮುಂದಕ್ಕೆ ಎಳೆದು ಕಟ್ಟಿ, ಕೂತಿತು ಅಂತ ಖುಷಿಪಟ್ಟೆ. ಆಫೀಸಲ್ಲಿ ಶುಕ್ರವಾರ ಸಂಜೆ ಎರರ್ ಬಂದರೆ ಲಾಗ್ ಆಫ್ ಮಾಡ್ತೀವಲ್ಲ, ಹಂಗೆ.

ಟ್ರಯಲ್‌ಗೆ ಅಂತ ಒಬ್ಬನೇ ಮದ್ದೂರು ದಾಟಿ ಗೆಜ್ಜಲಗೆರೆ ಕಡೆ ಹೊರಟೆ. ಅರವತ್ತರ ವೇಗಕ್ಕೆ ಬರುತ್ತಿದ್ದ ಹಾಗೇ 'ಟಪ್' ಅಂತ ಬಾನೆಟ್ ಎದ್ದಿತು! ಲಾಕ್ ಬಿಟ್ಟರೂ ಹಿಡಿಯಲಿ ಅಂತ ಇನ್ನೊಂದು ಕೊಕ್ಕೆ ಇರುತ್ತೆ, ಅದು ಹಿಡಿದುಕೊಂಡಿತು. ಅದೂ ಬಿಟ್ಟಿದ್ದರೆ ಬಾನೆಟ್ ಪೂರ್ತಿ ಎದ್ದು ಗಾಜಿಗೆ ಬಡಿಯುತ್ತಿತ್ತು, ಮುಂದೆ ಏನೂ ಕಾಣುತ್ತಿರಲಿಲ್ಲ. ಸೋಮವಾರ ಅಮ್ಮ ಅದೇ ಕಾರಲ್ಲಿ ಮಂಡ್ಯಕ್ಕೆ ಹೋಗೋದಿತ್ತು. ರಸ್ತೆ ಪಕ್ಕ ನಿಲ್ಲಿಸಿ ಎಷ್ಟು ಹೊತ್ತು ಕೂತಿದ್ದೆನೋ.

ಮನೆಗೆ ಬಂದು ಟೇಪ್ ಹಿಡಿದು ಎರಡೂ ಕಡೆಯಿಂದ ಓರೆಯಾಗಿ, ಸಸ್ಪೆನ್ಷನ್ ಬೋಲ್ಟ್‌ನಿಂದ ಎದುರು ಮೂಲೆಗೆ ಅಳೆದೆ. ಎರಡೂ ಸಮ ಇರಬೇಕು. 14 ಮಿ.ಮೀ. ವ್ಯತ್ಯಾಸ. ಲಾರಿ, ಜೀಪಿಗೆ ಇರೋ ಹಾಗೆ 800ಕ್ಕೆ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಅದು ಸೊಟ್ಟಗಿದ್ದರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಸವೆಯುತ್ತೆ, ಇನ್ನೊಂದು ಸಲ ಗುದ್ದಿದರೆ ಪೆಟ್ಟು ತಡೆಯಬೇಕಾದ ಜಾಗ ತಡೆಯಲ್ಲ. ತೆಂಗಿನ ಮರಕ್ಕೆ ಸರಪಣಿ ಕಟ್ಟಿ ರಿವರ್ಸ್ ಹೊಡೆದರೆ ಸರಿಹೋಗುತ್ತೆ ಅನ್ನೋರು ನಮ್ಮೂರಲ್ಲಿ ಬಹಳ ಜನ. ಎಷ್ಟು ಎಳೆಯಿತು, ಎಲ್ಲಿ ಹರಿಯಿತು ಅಂತ ಮರ ಹೇಳುತ್ತಾ?

ಟಿಂಕರಿಂಗ್ ಅಂಗಡಿಗೆ ಒಯ್ದೆ. ಅಂಗಡಿಯಣ್ಣ ತಂತಿ ನೋಡಿ ನಕ್ಕ. "ಏನ್ ಸಾ, ಇಂಜಿನಿಯರ್ ಅಂತೀರ, ಕಬ್ಬಿನ್ ಕಂತೆ ಕಟ್ದಂಗ್ ಕಟ್ಕಂಡ್ ಬಂದಿದ್ದೀರಲ್ಲ!" ಎರಡು ದಿನ ಅಳೆದು, ಎಳೆದು, ಆ ಪಟ್ಟಿ ಬದಲಿಸಿ ವೆಲ್ಡ್ ಮಾಡಿ ಕೊಟ್ಟ.

ಹಾಗಾಗಿ ನನ್ನ ವಾದ ಇಷ್ಟೇ: ಬೋಲ್ಟ್ ಇರೋ ತನಕ ಮನೆಯಲ್ಲಿ ಧೈರ್ಯವಾಗಿ ಮಾಡಿ, ವೆಲ್ಡಿಂಗ್ ಶುರುವಾದಲ್ಲಿ ನಿಲ್ಲಿಸಿ. ಅದೂ ಏರ್‌ಬ್ಯಾಗ್ ಇಲ್ಲದ ಹಳೇ ಕಾರಿಗೆ ಮಾತ್ರ. 2019ರ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಅಂಥ ಗಾಡಿಯ ಮೂತಿಗೆ ಮನೇಲಿ ಕೈ ಹಾಕೋದು ಬೇಡ. ಇನ್ನೊಂದು, ಗುದ್ದಿದ ಮೇಲೆ ಎಲ್ಲರೂ "ಮುಂದೆ ಒಂದು ಕಬ್ಬಿಣದ ಗಾರ್ಡ್ ಹಾಕ್ಸಿ" ಅಂತಾರೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಆ ಕಬ್ಬಿಣ ಪೆಟ್ಟನ್ನ ನೇರ ಚಾಸಿಗೇ ದಾಟಿಸುತ್ತೆ, ನಡೆದು ಹೋಗೋರಿಗಂತೂ ಇನ್ನೂ ಅಪಾಯ.

ಅಮ್ಮ ಈಗ ಮತ್ತೆ ಅದರಲ್ಲೇ ಮಂಡ್ಯಕ್ಕೆ ಹೋಗಿಬರುತ್ತಿದ್ದಾರೆ. ಬಾನೆಟ್ ಇನ್ನೂ ಕೆಂಪಗೇ ಇದೆ. ಬಣ್ಣದ ವಿಷಯ ಯುಗಾದಿಗೆ ನೋಡಾನ ಅಂದಿದ್ದಾರೆ ಅಪ್ಪ.